ಕಮ್ಮಾರ ದೀಡ್ರಿಖ್ ಮಾಡಿದ ಬೇಲಿಗಂಟೆ

ನನ್ನ ಗಂಡ ದೀಡ್ರಿಖ್ ನಾಯ್ಡಾರ್ಫ್ ನಮ್ಮ ಕಾಲೊನಿಯ ಕಮ್ಮಾರರಾಗಿದ್ದರು. ಸಾಂತಾ ಕ್ರೂಸ್ ಪಟ್ಟಣದಿಂದ ಮೂಡಣಕ್ಕೆ, ಕಾಡು ಕಡಿದು ಜೋಳ ಬಿತ್ತಿದ ನೆಲ ನಮ್ಮದು. ಟ್ರ್ಯಾಕ್ಟರಿಗೆ ರಬ್ಬರ್ ಗಾಲಿ ಹಾಕಬಾರದೆಂದು ನಮ್ಮ ಚರ್ಚ್ ಸಭೆಯ ಕಟ್ಟಳೆ ಇದ್ದದ್ದರಿಂದ ಎಲ್ಲರ ಕಬ್ಬಿಣದ ಗಾಲಿಯೂ ಇವರ ಕುಲುಮೆಗೇ ಬರುತ್ತಿತ್ತು. ಗಾಲಿಯ ಕೆಲಸ ಮುಗಿದರೆ ಇವರು ಸುಮ್ಮನೆ ಕೂರುವವರಲ್ಲ. ಕಾಲಲ್ಲಿ ತುಳಿದರೆ ಕಾಳು ಬಿಡಿಸುವ ಪೆಟ್ಟಿಗೆ, ಕುದುರೆ ಸುತ್ತಿದರೆ ಬಟ್ಟೆ ಒಗೆಯುವ ಪೀಪಾಯಿ, ಹೀಗೆ ಏನಾದರೊಂದು ಹೊಸದನ್ನು ಕಟ್ಟುತ್ತಿದ್ದರು. ಪೀಪಾಯಿ ನನ್ನ ಒಳ್ಳೆಯ ಲಂಗವನ್ನು ಹರಿದುಹಾಕಿತು. ಆಮೇಲೆ ನಾನು ಅದರ ಹತ್ತಿರ ಹೋಗಲಿಲ್ಲ.

ಆ ವರ್ಷ ದನಗಳ್ಳರ ಕಾಟ ಹೆಚ್ಚಾಯಿತು. ನನ್ನ ಕಿರಿಯ ತಮ್ಮ ಯಾಕೋಬ್ ಬೆಳಿಗ್ಗೆ ಹಾಲು ಕರೆಯಲು ಹೋದವನು ಬೇಲಿಯ ಬಳಿ ಅವರಿಗೆ ಎದುರಾದ. ಕೈಯಲ್ಲಿ ಬಕೆಟ್ ಬಿಟ್ಟರೆ ಏನೂ ಇರಲಿಲ್ಲ. ಮಚ್ಚಿನಿಂದ ಕುತ್ತಿಗೆಗೆ ಹೊಡೆದಿದ್ದರು. ತಲೆ ಒಂದು ಕಡೆಯ ಚರ್ಮದಲ್ಲಿ ಮಾತ್ರ ಅಂಟಿಕೊಂಡಿತ್ತು. ಹೆಣ ತೊಳೆದವಳು ನಾನು. ಗಾಯದೊಳಗೆ ಹುಲ್ಲು ಹೊಕ್ಕಿತ್ತು. ಒಂದೊಂದೇ ಎಳೆಯಾಗಿ ತೆಗೆದೆ.

ನಮ್ಮ ಜನ ಯಾರ ಮೇಲೂ ಕೈ ಎತ್ತುವಂತಿಲ್ಲ. ದೀಕ್ಷಾಸ್ನಾನದಲ್ಲಿ ಎಲ್ಲರೂ ಮಂಡಿಯೂರಿ ಕೊಡುವ ಮಾತು ಅದು. ಆದರೆ ನನ್ನ ದೊಡ್ಡ ತಮ್ಮ ಫ್ರಾನ್ಸ್, ಯಾಕೋಬನ ಗೋರಿಯ ಮಣ್ಣು ಒಣಗುವ ಮೊದಲೇ ಮಚ್ಚು ಮಸೆಯಲು ಕುಲುಮೆಗೆ ಬಂದ. ಇವರು ಸಾಣೆಕಲ್ಲನ್ನು ತಿರುಗಿಸುವ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಇವರಿಗೆ ಒಂದೇ ಚಿಂತೆ: ಫ್ರಾನ್ಸ್ ಕೊಲೆಗಾರನಾಗಬಾರದು.

ಅವನನ್ನು ಸಮಾಧಾನ ಮಾಡಲೆಂದೇ ಇವರು ಬೇಲಿಗಂಟೆ ಮಾಡಿದರು. ತಂತಿಗೆ ಯಾರಾದರೂ ತಗುಲಿದರೆ ಹಳೆಯ ಲಾರಿಯ ಸ್ಪ್ರಿಂಗು ಬಿಟ್ಟುಕೊಂಡು, ಅದರ ತುದಿಯ ಸುತ್ತಿಗೆ ನೇಗಿಲ ತಟ್ಟೆಗೆ ಬಡಿಯುತ್ತಿತ್ತು. ಸದ್ದಿಗೆ ಊರೆಲ್ಲ ಏಳುತ್ತದೆ, ಕಳ್ಳರು ಓಡುತ್ತಾರೆ ಎಂಬ ಲೆಕ್ಕ.

ಫ್ರಾನ್ಸ್ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಾ ನೋಡಿದ. "ಏನ್ ಭಾವ, ಕಳ್ಳರನ್ನ ಪ್ರಾರ್ಥನೆಗೆ ಕರೀತಿದ್ದೀಯಾ? ಹಂಗೇ ಕಾಫಿನೂ ಇಟ್ಟುಬಿಡು."

"ಕುಡಿದು ಹೋಗೋದಾದ್ರೆ ಅದನ್ನೂ ಇಡ್ತೀನಿ," ಎಂದರು ಇವರು.

ಯಾರಿಗೂ ತಿಳಿಯದಂತೆ ಫ್ರಾನ್ಸ್ ಆ ಸುತ್ತಿಗೆಯನ್ನು ಕಳಚಿ, ಹುಲ್ಲು ಕೊಯ್ಯುವ ಉದ್ದ ಕುಡುಗೋಲನ್ನು ಮೊಣಕಾಲಿನ ಎತ್ತರಕ್ಕೆ ಬಿಗಿದ. ಒಂದು ಮುಂಜಾನೆ ಗಂಟೆಯ ಬದಲು ಮನುಷ್ಯನ ಕೂಗು ಕೇಳಿತು. ನಾವು ಓಡಿದೆವು. ಇನ್ನೂ ಮೀಸೆ ಮೂಡುತ್ತಿದ್ದ ಒಬ್ಬ ಕಳ್ಳ ಬಿದ್ದಿದ್ದ; ಮಂಡಿಯ ಕೆಳಗೆ ಮೂಳೆಯವರೆಗೂ ಸೀಳಿ, ಕಾಲು ಬೇರೆ ದಿಕ್ಕಿಗೆ ತಿರುಗಿತ್ತು. ಜೊತೆಯವರು ಅವನನ್ನು ಬಿಟ್ಟು ಓಡಿದ್ದರು. ಇವರು ತಮ್ಮ ಪ್ಯಾಂಟಿನ ಹೆಗಲಪಟ್ಟಿ ಕಿತ್ತು ತೊಡೆಗೆ ಬಿಗಿದು, ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಕುಡುಗೋಲು ಯಾರದೆಂದು ಇವರಿಗೆ ಗೊತ್ತಾಯಿತು.

ಆ ಹುಡುಗನ ಅಣ್ಣ ರುಫೀನೊ ಒಂದು ಶನಿವಾರ ಮಧ್ಯಾಹ್ನ ಕುಲುಮೆಗೆ ಬಂದ. ಕೈಯಲ್ಲಿ ಬಂದೂಕಿತ್ತು. ಅವನ ಕಡೆಯವರು ಕುದುರೆ ಹಿಡಿದು ಹೊರಗೆ ನಿಂತರು. ನಾನು ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ಉಳಿದೆ. ಬೇಲಿಯ ಯಂತ್ರ ಮಾಡಿದ್ದು ಯಾರೆಂದು ರುಫೀನೊ ಕೇಳಿದ. ತಾನೇ ಎಂದರು ಇವರು. ಸ್ಪ್ರಿಂಗು ತಾನು ಮಾಡಿದ್ದು ನಿಜ. ಕುಡುಗೋಲಿನ ವಿಚಾರ ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಬಂದೂಕಿನ ಹಿಡಿಯಿಂದ ಬಾಯಿಗೆ ಹೊಡೆದ. ಹಲ್ಲು ನೆಲಕ್ಕೆ ಬಿದ್ದವು. ಬಂದೂಕನ್ನು ಗೋಡೆಗೆ ಒರಗಿಸಿ, ಇವರ ಬಲಗೈಯನ್ನು ಎಳೆದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು, ಇವರದೇ ಸುತ್ತಿಗೆ ಎತ್ತಿದ.

ಫ್ರಾನ್ಸ್ ಅಷ್ಟೂ ಹೊತ್ತು ಕುಲುಮೆಯೊಳಗೇ, ಇದ್ದಿಲು ರಾಶಿಯ ಹಿಂದಿದ್ದ. ರುಫೀನೊನ ಬೆನ್ನು ಅವನ ಕಡೆಗಿತ್ತು. ಫ್ರಾನ್ಸ್ ಕಬ್ಬಿಣದ ಹಾರೆ ಹಿಡಿದು ಮೇಲೆದ್ದ. ಒಂದೇ ಪೆಟ್ಟು ಸಾಕಿತ್ತು.

ಇವರು ಅದನ್ನು ಕಂಡರು. ರುಫೀನೊಗೆ ತಿಳಿಯದ ನಮ್ಮ ಭಾಷೆಯಲ್ಲಿ, ರಕ್ತ ನುಂಗುತ್ತಾ ಹೇಳಿದರು: "ಫ್ರಾನ್ಸ್, ಅದನ್ನ ಕೆಳಗಿಡು. ನನ್ನ ಕೈ ಹೋದ್ರೆ ಹೋಗ್ಲಿ. ನಿನ್ನ ಕೈ ಉಳಿಸ್ಕೋ."

ಫ್ರಾನ್ಸ್ ಅಳುತ್ತಾ ಹಾರೆಯನ್ನು ಇದ್ದಿಲಿನ ಮೇಲೆ ಇಟ್ಟ. ಸುತ್ತಿಗೆ ಬಿತ್ತು. ಮತ್ತೆ ಬಿತ್ತು. ಒಣ ಜೋಳದ ದಂಟು ತುಳಿದ ಹಾಗೆ ಮೂಳೆಗಳ ಸದ್ದು ಕೇಳಿತು. ಬೆರಳುಗಳ ಆಕಾರವೇ ಹೋದ ಮೇಲೆ ರುಫೀನೊ ನಿಲ್ಲಿಸಿದ.

"ನಿಮ್ಮೋರಿಗೆ ದ್ವೇಷ ಇರಲ್ಲ ಅಂತಾರಲ್ಲ, ಮುದುಕ. ಈಗ ಇದೆಯಾ?"

"ಇದೆ," ಎಂದರು ಇವರು. "ಇನ್ನೊಂದ್ಸಲ ಕೇಳ್ಬೇಡ, ಜಾಸ್ತಿ ಆಗುತ್ತೆ."

ಅವನು ಉಗುಳಿ, ಸುತ್ತಿಗೆ ಎಸೆದು, ಬಂದೂಕು ತೆಗೆದುಕೊಂಡು ಹೊರಟ. ಆಸ್ಪತ್ರೆಯಲ್ಲಿ ಇವರ ಕೈಯನ್ನು ಮಣಿಕಟ್ಟಿನಲ್ಲಿ ತೆಗೆದರು.

ಇವರು ಮನೆಗೆ ಬಂದ ಭಾನುವಾರ ಫ್ರಾನ್ಸ್ ಸಭೆಯಲ್ಲಿ ಎದ್ದು ಕುಡುಗೋಲು ತನ್ನದೆಂದು ಒಪ್ಪಿಕೊಂಡ. ಸಭೆ ಅವನನ್ನು ಹೊರಗಿಟ್ಟಿತು. ಹೊರಗಾದವನ ಜೊತೆ ಯಾರೂ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಒಡಹುಟ್ಟಿದವರೂ ಅಷ್ಟೇ. ಹೆಂಡತಿ ಮಕ್ಕಳಿಲ್ಲದ ಅವನು ನಮ್ಮಲ್ಲೇ ಉಣ್ಣುತ್ತಿದ್ದವನು. ಈಗ ಕೊಟ್ಟಿಗೆಯಲ್ಲಿ ಕೂತು ತಿನ್ನತೊಡಗಿದ. ಪಟ್ಟಣಕ್ಕೆ ಹೋಗುತ್ತೇನೆ, ಬಂದೂಕು ಕೊಳ್ಳುತ್ತೇನೆ, ಹೇಗೂ ನಾನೀಗ ಸಭೆಗೆ ಕೊಟ್ಟ ಮಾತಿಗೆ ಕಟ್ಟುಬಿದ್ದವನಲ್ಲ ಎಂದು ದನಗಳಿಗೆ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಇವರಿಗೆ ಹೇಳಿದೆ.

ಇವರು ಊಟದ ಮೇಜನ್ನು ಎಡಗೈಯಲ್ಲಿ ಅಡ್ಡಕ್ಕೆ ಕೊಯ್ದರು. ಗರಗಸ ಹಾದಿ ತಪ್ಪುತ್ತಿತ್ತು, ಮೋಟು ಕೈಯಿಂದ ಹಲಗೆ ಒತ್ತಿ ಹಿಡಿದರೆ ಗಾಯಕ್ಕೆ ಕಟ್ಟಿದ ಬಟ್ಟೆ ಕೆಂಪಾಗುತ್ತಿತ್ತು. ಎರಡು ತುಂಡಿಗೂ ಹೊಸ ಕಾಲು ಕೊಟ್ಟು, ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟು ನಿಲ್ಲಿಸಿದರು. ಮೇಲೆ ಒಂದೇ ಬಟ್ಟೆ ಹಾಸು ಎಂದರು. ಹಾಸಿದೆ. ಕೊಟ್ಟಿಗೆಗೆ ಹೋಗಿ ಫ್ರಾನ್ಸನನ್ನು ಕರೆತಂದರು.

ಸುದ್ದಿ ಕೇಳಿ ನಮ್ಮ ಹಿರಿಯ ಬೋಧಕರಾದ ಹಾರ್ಡರ್ ಊಟದ ಹೊತ್ತಿಗೇ ಬಂದರು. ಅವರು ಬಟ್ಟೆ ಎತ್ತಿ, ಸಂದಿನಲ್ಲಿ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಮತ್ತೆ ಬಟ್ಟೆಯನ್ನು ಸರಿಯಾಗಿ ಹೊದಿಸಿದರು.

"ಎರಡು ಮೇಜು," ಎಂದು ಟೋಪಿ ತೆಗೆದು ನಮ್ಮ ಕಡೆಯ ಬೆಂಚಿನಲ್ಲಿ ಕೂತರು.

ಫ್ರಾನ್ಸ್ ಕೋಸಿನ ಸಾರಿನ ಪಾತ್ರೆಯನ್ನು ತನ್ನ ಮೇಜಿನ ಅಂಚಿನವರೆಗೆ ತಳ್ಳಿ ಕೈ ತೆಗೆದ. ಅಲ್ಲಿಂದ ಇವರು ಎಡಗೈಯಲ್ಲಿ ಎಳೆದುಕೊಂಡರು. ಸಂದಿನಲ್ಲಿ ತಡೆದು ಸ್ವಲ್ಪ ಚೆಲ್ಲಿತು, ನಾನು ಒರೆಸಿದೆ.