ಮಾವನವರಿಗೆ ಬಳೆ ಸದ್ದು ಕೇಳದಾದದ್ದು

ಗೆಳತಿಯರೇ, ಅಣ್ಣಿಗೇರಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಮಾವನವರ ಎದುರು ಬಾಯಿ ಬಿಟ್ಟವಳಲ್ಲ. ಚಹಾ ತಂದರೂ ಬಳೆ ಸದ್ದು ಮಾಡಿಯೇ ತಿಳಿಸುವುದು.

ಇವತ್ತು ಅವರು ಹಳೇ ಕಾರಿನ ಹಿಂದಿನ ಬ್ರೇಕಿನಲ್ಲಿ ಸೇರಿದ್ದ ಗಾಳಿ ತೆಗೆಯಲು ಗಾಲಿಯ ಪಕ್ಕ ಮಲಗಿ, ನನ್ನನ್ನು ಒಳಗೆ ಕೂರಿಸಿದರು.

"ಪೆಡಲ್ ಒತ್ತಿ ಹಿಡದು ಹೇಳವಾ, ನಟ್ ಸಡ್ಲ ಮಾಡ್ತೀನಿ. ನಾ ಬಿಗಿ ಮಾಡೂತನಕ ಕಾಲ ತಗೀಬ್ಯಾಡ, ಮತ್ತ ಗಾಳಿ ಒಳಗ ಹೊಕ್ಕೈತಿ."

ಒತ್ತಿ, ಬಳೆ ಅಲುಗಿಸಿದೆ. ನಟ್ ಸಡಿಲಾಯಿತು. ಅಷ್ಟರಲ್ಲಿ ನನ್ನ ಕಾಲು ಜಾರತೊಡಗಿತು.

"ಮಾವಾರ, ಲಗೂನ ಬಿಗಿ ಮಾಡ್ರಿ! ಕಾಲ ಜಾರಾಕತ್ತೈತಿ!"

ಓಣಿಗೆಲ್ಲ ಕೇಳಿತು. ಮಾವ ಬಿಗಿ ಮಾಡಿದರು. ಬ್ರೇಕ್ ಚೆನ್ನಾಗಿ ಹಿಡಿಯಿತು.

ಸಂಜೆ ರೇಡಿಯೋ ಹಾಕಿಕೊಂಡು ಕೂತಿದ್ದ ಮಾವನವರಿಗೆ ಚಹಾ ತಂದು ಎಂದಿನಂತೆ ಬಳೆ ಸದ್ದು ಮಾಡಿದೆ. ಅವರು ತಿರುಗಲಿಲ್ಲ.

"ಇವತ್ತಿಂದ ನನಗ ಬಳಿ ಸಪ್ಪಳ ಕೇಳಂಗಿಲ್ಲ ನೋಡವಾ."

ರೇಡಿಯೋ ವಾರ್ತೆ ಮಾತ್ರ ಅಷ್ಟು ಸಣ್ಣ ದನಿಯಲ್ಲೂ ಅವರಿಗೆ ಕೇಳುತ್ತಿತ್ತು!