ನಿಂಬೆಹಣ್ಣು ಬಿಚ್ಚಿದ್ದಕ್ಕೆ ಆರಿದ ಹೆಡ್‌ಲೈಟ್

ನಿಂಬೆಹಣ್ಣು ಬಿಚ್ಚಿದರೆ ಹೆಡ್‌ಲೈಟ್ ಆರುತ್ತದೆಯೇ, ಗೆಳೆಯರೇ? ಇಂದು ಸೊಲ್ಲಾಪುರದಲ್ಲಿ, ನಮ್ಮ ಮನೆಯ ಮುಂದೆಯೇ ಆರಿತು.

ಅಪ್ಪನ ಕಾಲದ ಕಾರು. ಅದಕ್ಕೆ ದೃಷ್ಟಿಯಾಗದಿರಲೆಂದು ಅವ್ವ ಎಡಗಡೆಯ ಹೆಡ್‌ಲೈಟಿನ ರಿಂಗಿನಿಂದ ಬಂಪರಿಗೆ ತಂತಿ ಬಿಗಿದು, ನಿಂಬೆ-ಮೆಣಸಿನಕಾಯಿ ಕಟ್ಟಿದ್ದಾಳೆ. ಶನಿವಾರಕ್ಕೊಮ್ಮೆ ಹಣ್ಣು ಬದಲಾಗುತ್ತದೆ, ತಂತಿ ಹಳೆಯದೇ. ಬೆಳಿಗ್ಗೆ ಕಾರು ತೊಳೆಯುವಾಗ ಅಡ್ಡ ಬಂತೆಂದು ತಂತಿ ಸಮೇತ ಬಿಚ್ಚಿಟ್ಟೆ. ಆಮೇಲೆ ನೋಡಿದರೆ ಎಡಗಡೆಯ ದೀಪ ಹತ್ತಲೊಲ್ಲದು. ಬಲ್ಬು ಬದಲಿಸಿದೆ, ಫ್ಯೂಸ್ ನೋಡಿದೆ. ಎಲ್ಲ ಸರಿಯಿದೆ, ದೀಪ ಮಾತ್ರ ಇಲ್ಲ.

“ಒಕ್ಕಣ್ಣ ಗಾಡ್ಯಾಗ ನಾ ಅಕ್ಕಲಕೋಟಕ್ಕ ಬರಾಂಗಿಲ್ಲ,” ಎಂದಳು ಅವ್ವ. ಅಲ್ಲಿನ ಗುಡಿಯಲ್ಲಿ ಸಂಜೆಯ ದರ್ಶನ ತಪ್ಪುವ ಲಕ್ಷಣ. ಅವಳೇ ಹೋಗಿ ತಂತಿಯನ್ನು ಮೊದಲಿದ್ದಂತೆ ಕಟ್ಟಿದಳು. ದೀಪ ಹತ್ತಿತು. ನಾನು ಬಿಚ್ಚಿದೆ, ಆರಿತು. ಕಟ್ಟಿದೆ, ಹತ್ತಿತು. ಫಿಸಿಕ್ಸ್ ಓದಿದ ತಲೆ ಗಿರ್ರೆಂದಿತು.

ಎಲೆಕ್ಟ್ರಿಷಿಯನ್ ರಫೀಕ್‌ಭಾಯಿ ಬಂದು ಬಗ್ಗಿ ನೋಡಿ ನಕ್ಕರು. “ಮಾಮ್ಲಾ ಏನಿಲ್ರಿ. ಲೈಟಿನ ಕರೆಂಟ್ ವಾಪಸ್ ಗಾಡಿ ಬಾಡಿಗೆ ಒಯ್ಯೂ ಅರ್ಥಿಂಗ್ ವಾಯರ್ ಯಾವಾಗೋ ತುಂಡಾಗೇತಿ. ಇಷ್ಟ ದಿನಾ ಅವ್ವಾರು ಕಟ್ಟಿದ ತಂತೀನ ಅದರ ಕೆಲಸಾ ಮಾಡಾಕತ್ತಿತ್ತು.”

ಹೊಸ ವಾಯರ್ ಹಾಕಿದರು. ಸದ್ಯ, ವಿಜ್ಞಾನ ಗೆದ್ದಿತು ಎಂದುಕೊಂಡೆ. ಅಷ್ಟರಲ್ಲಿ ಅವರು ನಿಂಬೆಹಣ್ಣಿನ ತಂತಿಯನ್ನೂ ಮತ್ತೆ ಬಿಗಿಯತೊಡಗಿದರು.

“ಹೊಸಾದು ಹಾಕೀರಲ್ಲ ಭಾಯಿ, ಮತ್ತ ಇದ್ಯಾಕ?”

“ನನ್ನ ವಾಯರಿಗೆ ಆರು ತಿಂಗಳ ಗ್ಯಾರಂಟಿ ಐತ್ರಿ. ಇದು ಎಷ್ಟು ವರ್ಷ ನಡದೈತಿ, ನಿಮಗರ ಗೊತ್ತೈತೇನು?”

ಅವ್ವ ಒಳಗಿನಿಂದ ಬಲಗಡೆಯ ದೀಪಕ್ಕೂ ಒಂದು ನಿಂಬೆಹಣ್ಣು ತಂದಳು. ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ.