ಹತ್ತೊಂಬತ್ತನೇ ಕಿಲೋಮೀಟರಿನ ಯುರೇನಸ್

ಭಾನುವಾರ ಬೆಳಗಿನ ಐದೂವರೆ. ಹೊಸಪೇಟೆಯಿಂದ ಕಂಪ್ಲಿಗೆ ಹೊರಡುವ ಮೊದಲ ಬಸ್ಸಿನಲ್ಲಿ ಎಂಟೇ ಎಂಟು ಜನ. ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತ ಸುವರ್ಣಮ್ಮನ ತೊಡೆಯ ಮೇಲೆ ಗೋಣಿಚೀಲ ಸುತ್ತಿದ ದುಂಡನೆಯ ಗಂಟೊಂದಿದೆ. ಕಾಲ ಬಳಿ ಬಕೆಟ್ಟು, ತೆಂಗಿನ ನಾರು, ಸಣ್ಣ ಗುದ್ದಲಿ. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವರು ಗಂಟನ್ನು ಎರಡೂ ಕೈಯಿಂದ ತಬ್ಬಿ ಹಿಡಿಯುತ್ತಾರೆ.

"ಏನ್ರೀ ಅಕ್ಕಾರ, ಕುಂಬಳಕಾಯೇನು?" ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳುತ್ತಾನೆ.

"ಅಲ್ರಿ. ಯುರೇನಸ್."

"ಹಳೇದಕ್ಕ ಏನಾತು?"

"ಬೆಸ್ತವಾರ ಜೇಸಿಬಿ ಬಂದಿತ್ರಿ."

ಕಂಡಕ್ಟರ್ ಗಂಟಿಗೆ ಲಗೇಜು ಟಿಕೆಟ್ಟು ಹರಿಯುವುದಿಲ್ಲ. ಈ ಮಾರ್ಗದ ಹಳೆಯ ಕಂಡಕ್ಟರುಗಳಿಗೆಲ್ಲ ಸುವರ್ಣಮ್ಮ ಗೊತ್ತು. ಕಮಲಾಪುರ ದಾಟಿ ಬುಕ್ಕಸಾಗರದ ಹತ್ತಿರ, ಊರೂ ಇಲ್ಲದ ನಿಲ್ದಾಣವೂ ಇಲ್ಲದ ಒಂದು ಜಾಗದಲ್ಲಿ "ಯುರೇನಸ್ ಯಾರ್ರೀ, ಇಳೀರಿ" ಎಂದು ಅವರು ತಮಾಷೆಗೆ ಕೂಗುತ್ತಾರೆ. ಇಳಿಯುವವರು ಒಬ್ಬರೇ.

ಸುವರ್ಣಮ್ಮನಿಗೆ ಐವತ್ತೈದು. ಚಿತ್ತವಾಡ್ಗಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಅಟೆಂಡರ್. ಓದಿದ್ದು ಏಳನೇ ಇಯತ್ತೆ. ವಾರದ ಆರು ದಿನ ಗಂಟೆ ಬಾರಿಸುವುದು, ಪ್ರಯೋಗಾಲಯದ ಗಾಜು ತೊಳೆಯುವುದು, ಕಡತ ಹೊರುವುದು. ಏಳನೆಯ ದಿನ ಸೌರವ್ಯೂಹ ತೊಳೆಯುವುದು. ಇದಕ್ಕೆ ಯಾರ ಆದೇಶವೂ ಇಲ್ಲ. ಮಾಡದೆ ಬಿಟ್ಟರೆ ಕೇಳುವವರೂ ಇಲ್ಲ.

ಕಥೆ ಶುರುವಾದದ್ದು 1999ರಲ್ಲಿ. ಶಾಲೆಗೆ ಆಗಷ್ಟೇ ಬಂದಿದ್ದ ವಿಜ್ಞಾನದ ಮೇಷ್ಟ್ರು ವಿದ್ಯಾಧೀಶರಿಗೆ ಪಠ್ಯಪುಸ್ತಕದ ಚಿತ್ರ ಕಂಡರೆ ಸಿಟ್ಟು. ಸೂರ್ಯನ ಪಕ್ಕದಲ್ಲಿ ಗ್ರಹಗಳೆಲ್ಲ ಪಂಕ್ತಿ ಊಟಕ್ಕೆ ಕುಳಿತವರಂತೆ ಒತ್ತೊತ್ತಾಗಿ ಇರುತ್ತವಲ್ಲ, ಅದು ಮಕ್ಕಳಿಗೆ ಹೇಳುವ ದೊಡ್ಡ ಸುಳ್ಳು ಎಂದು ಅವರ ವಾದ. ಭೂಮಿಗೂ ಸೂರ್ಯನಿಗೂ ಇರುವ ಹದಿನೈದು ಕೋಟಿ ಕಿಲೋಮೀಟರನ್ನು ಅವರು ಒಂದೇ ಒಂದು ಕಿಲೋಮೀಟರಿಗೆ ಇಳಿಸಿದರು. ಶಾಲೆಯ ಬಯಲಿನಲ್ಲಿ ಒಂಬತ್ತೂಕಾಲು ಮೀಟರ್ ಅಡ್ಡಳತೆಯ ಸುಣ್ಣದ ವೃತ್ತವೇ ಸೂರ್ಯ. ಅಲ್ಲಿಂದ ಕಂಪ್ಲಿ ರಸ್ತೆ ಹಿಡಿದು ಹೊರಟರೆ ನಾನೂರು ಮೀಟರಿನೊಳಗೆ ನೆಲ್ಲಿಕಾಯಿ ಗಾತ್ರದ ಬುಧ. ಮುಕ್ಕಾಲು ಕಿಲೋಮೀಟರಿನ ಒಳಗೇ ಮೂಸಂಬಿಯಷ್ಟು ಶುಕ್ರ. ಒಂದನೇ ಕಿಲೋಮೀಟರಿಗೆ ಇನ್ನೊಂದು ಮೂಸಂಬಿ, ಅದು ನಾವಿರುವ ಭೂಮಿ. ಒಂದೂವರೆಗೆ ನಿಂಬೆಹಣ್ಣಿನಂಥ ಮಂಗಳ. ಆಮೇಲೆ ನಡೆದಷ್ಟೂ ಏನಿಲ್ಲ. ಐದು ಕಿಲೋಮೀಟರ್ ದಾಟಿದ ಮೇಲೆ ಒಂದು ಮೀಟರಿಗೆ ತುಸು ಕಡಿಮೆ ದಪ್ಪದ ಗುರು ಸಿಗುತ್ತಾನೆ. ಒಂಬತ್ತೂವರೆಗೆ ಶನಿ, ಹತ್ತೊಂಬತ್ತು ದಾಟಿ ಯುರೇನಸ್, ಕಂಪ್ಲಿಯ ಬಾಗಿಲಲ್ಲಿ ಮೂವತ್ತಕ್ಕೆ ನೆಪ್ಚೂನ್. ಪ್ಲೂಟೊ ಇಡಲು ಹೊಳೆ ದಾಟಬೇಕಿತ್ತು. ಮುಂದೆ ನೋಡೋಣ ಎಂದು ಮೇಷ್ಟ್ರು ಬಿಟ್ಟಿದ್ದರು. 2006ರಲ್ಲಿ ಅದು ಗ್ರಹವೇ ಅಲ್ಲವೆಂದು ತೀರ್ಮಾನವಾಗಿ ಆ ಕೆಲಸ ತಾನಾಗಿ ತಪ್ಪಿತು.

ಅಳೆದದ್ದು ಮೂವತ್ತು ಮೀಟರಿನ ಟೇಪಿನಿಂದ. ಒಂದು ತುದಿ ಮೇಷ್ಟ್ರ ಕೈಯಲ್ಲಿ, ಇನ್ನೊಂದು ಸುವರ್ಣಮ್ಮನ ಕೈಯಲ್ಲಿ. ಟೇಪು ಒಮ್ಮೆ ಎಳೆದರೆ ಸೊಂಟದ ಚೀಲಕ್ಕೆ ಒಂದು ಹುಣಸೆಬೀಜ. ಹನ್ನೊಂದು ಭಾನುವಾರ ಹಿಡಿಯಿತು. "ಭೂಮಿಗೆ ಮೂವತ್ಮೂರು ಬೀಜ, ಮ್ಯಾಲ ಹತ್ತು ಮೀಟ್ರು. ಶನಿಗೆ ಮುನ್ನೂರ ಹದಿನೆಂಟು. ಯುರೇನಸ್ಸಿಗೆ ಆರನೂರ ನಲವತ್ತು" ಎಂದು ಅವರು ಇವತ್ತಿಗೂ ತಡವರಿಸದೆ ಒಪ್ಪಿಸುತ್ತಾರೆ. ಗ್ರಹಗಳೆಂದರೆ ಗಡಿಗೆ ಬೋರಲು ಹಾಕಿ, ಮೇಲೆ ಸಿಮೆಂಟು ಮೆತ್ತಿ, ಬಣ್ಣ ಹಚ್ಚಿ, ಕಲ್ಲುಕಂಬದ ಮೇಲೆ ಕೂರಿಸಿದ ಗುಂಡುಗಳು. ಶನಿಯ ಉಂಗುರಕ್ಕೆ ಹಳೆಯ ಎತ್ತಿನ ಬಂಡಿಯ ಕಬ್ಬಿಣದ ಪಟ್ಟಿ ಸಿಕ್ಕಿತು. ಅಳತೆಗೆ ಅದು ಸ್ವಲ್ಪ ಸಣ್ಣದಾಯಿತೆಂದು ಮೇಷ್ಟ್ರು ಇಲ್ಲಿರುವವರೆಗೂ ಪೇಚಾಡಿದರಂತೆ.

ನಾಲ್ಕು ವರ್ಷಕ್ಕೆ ವಿದ್ಯಾಧೀಶರಿಗೆ ಸಂಡೂರು ಕಡೆಗೆ ವರ್ಗವಾಯಿತು, ಅಲ್ಲಿಂದ ಇನ್ನೂ ದೂರಕ್ಕೆ. ಎರಡು ದೀಪಾವಳಿಗೆ ಫೋನ್ ಮಾಡಿ ಗ್ರಹಗಳ ಯೋಗಕ್ಷೇಮ ವಿಚಾರಿಸಿದರು. ಮೂರನೆಯ ವರ್ಷದಿಂದ ಫೋನಿಲ್ಲ. ಅದೇ ಹೊತ್ತಿನಲ್ಲಿ ಸುವರ್ಣಮ್ಮನ ಗಂಡ ಅದಿರು ಲಾರಿ ಹತ್ತಿ ಬಂದರಿನ ಕಡೆ ಹೋಗಿಬರುತ್ತಿದ್ದವರು, ವಾರಕ್ಕೊಮ್ಮೆ ಬರುವುದು ತಿಂಗಳಿಗೊಮ್ಮೆಯಾಗಿ, ಆಮೇಲೆ ಬರುವುದನ್ನೇ ನಿಲ್ಲಿಸಿದರು. ಕರಾವಳಿಯಲ್ಲಿ ಅವರಿಗೆ ಬೇರೆ ಮನೆಯಾಗಿದೆ ಎಂದು ಯಾರೋ ಬಂದು ಹೇಳಿದರು. ಮಕ್ಕಳಿಲ್ಲ. "ಸಾಲಿ ಇದ್ದ ದಿನ ಹೆಂಗೋ ಹೋಗ್ತೈತ್ರಿ. ಐತಾರ ಭಾಳ ಕಷ್ಟ. ಗ್ವಾಡಿ ನೋಡ್ಕಂತ ಕುಂದ್ರಬೇಕು" ಎನ್ನುತ್ತಾರೆ. ಮೊದಲಿನಿಂದಲೂ ಒಂದಿಷ್ಟು ಹೊತ್ತು ಗ್ರಹ ತೊಳೆಯಲು ಹೋಗುತ್ತಿದ್ದ ಭಾನುವಾರಗಳು ಹೀಗೆ ಪೂರ್ತಿ ಗ್ರಹಗಳಿಗೇ ಹೋದವು.

ತೊಳೆಯುವ ಕೆಲಸವೂ ಸಣ್ಣದಲ್ಲ. ಹೆದ್ದಾರಿಯಲ್ಲಿ ವಾಹನಗಳು ಕಟ್ಟಿಕೊಂಡಾಗ ಸಂಡೂರಿನ ಅದಿರು ಲಾರಿಗಳು ಈ ಒಳರಸ್ತೆಗೂ ನುಗ್ಗುತ್ತವೆ. ಗುರುವನ್ನು ತೊಳೆದು ಮುಗಿಸುವ ಅರ್ಧ ಗಂಟೆಯಲ್ಲಿ ಒಮ್ಮೆ ಅವರು ಎಣಿಸಿದ್ದು ಎಪ್ಪತ್ತೊಂದು ಲಾರಿ. ವಾರ ಕಳೆಯುವಷ್ಟರಲ್ಲಿ ಎಲ್ಲ ಗ್ರಹಗಳೂ ಕೆಂಪಾಗಿ, ಯಾವುದು ಮಂಗಳ ಯಾವುದು ಶುಕ್ರ ಎಂದು ತಿಳಿಯದ ಹಾಗೆ ಆಗಿರುತ್ತವೆ. ಎರಡು ಬಕೆಟ್ ನೀರಿಗೆ ಗುರು ಮಾತ್ರ ಆಗುತ್ತದೆ. ಕೆಲವು ಕಡೆ ಬೋರಿನವರು ನೀರು ಕೊಡುತ್ತಾರೆ, ಉಳಿದ ಕಡೆ ಕಾಲುವೆಗೆ ಇಳಿಯಬೇಕು.

ಆದರೆ ಸುವರ್ಣಮ್ಮನಿಗೆ ತಲೆನೋವಾದದ್ದು ಧೂಳಲ್ಲ, ಭಕ್ತಿ. ರಸ್ತೆಬದಿಯಲ್ಲಿ ಕಂಬದ ಮೇಲೆ ದುಂಡನೆಯ ಕಲ್ಲು, ಕೆಳಗೆ 'ಶನಿ' ಎಂದು ದಪ್ಪಕ್ಷರ, ಅದರ ಸುತ್ತ ಕಬ್ಬಿಣದ ಪಟ್ಟಿ ಬೇರೆ. ಲಾರಿ ಡ್ರೈವರುಗಳಿಗೆ ಇನ್ನೇನು ಬೇಕು? ಮೊದಲ ವರ್ಷವೇ ಶನಿವಾರಕ್ಕೊಂದು ಎಳ್ಳೆಣ್ಣೆ ದೀಪ ಶುರುವಾಯಿತು. ಗುರುವಿಗೆ ಬೆಸ್ತವಾರ ಕಡಲೆಕಾಳಿನ ಹಾರ ಬಂತು, ಮಂಗಳನಿಗೆ ಕೆಂಪು ವಸ್ತ್ರ ಬಂತು. ರಾಹು ಕೇತು ಎಲ್ಲಿ ಬಿಟ್ಟಿರಿ ಎಂದು ಒಬ್ಬ ಕ್ಲೀನರ್ ಇವರನ್ನೇ ಗದರಿದನಂತೆ. ಹಂಪಿಗೆ ಹೋಗುವ ಪ್ರವಾಸಿಗಳು ಬಸ್ಸು ನಿಲ್ಲಿಸಿ, ಇದು ಯಾವ ಅರಸರ ಕಾಲದ್ದು ಎಂದು ಕೇಳಿ ಫೋಟೊ ತೆಗೆದುಕೊಂಡದ್ದೂ ಉಂಟು. ಸುವರ್ಣಮ್ಮ ಎಣ್ಣೆ ಜಿಡ್ಡನ್ನು ಸೀಗೆಪುಡಿ ಹಾಕಿ ಉಜ್ಜುತ್ತಲೇ ಬಂದರು, ಯಾರೊಡನೆಯೂ ಜಗಳ ಆಡಲಿಲ್ಲ. ಭೂಮಿ, ಯುರೇನಸ್, ನೆಪ್ಚೂನ್ ಮೂರಕ್ಕೆ ಯಾರೂ ಕೈ ಮುಗಿಯಲಿಲ್ಲ. ಅವು ಪಂಚಾಂಗದ ನವಗ್ರಹದಲ್ಲಿ ಇಲ್ಲ.

ಈ ವರ್ಷ, ಅಂದರೆ 2008ರಲ್ಲಿ, ರಸ್ತೆ ಅಗಲ ಮಾಡುವ ಕೆಲಸ ಬಂತು. ಊರೊಳಗಿನ ಬುಧ, ಶುಕ್ರರ ತಂಟೆಗೆ ಯಾರೂ ಹೋಗಲಿಲ್ಲ. ದಸರಾ ವಾರದಲ್ಲಿ ಸೈಕಲ್ ಅಂಗಡಿಯ ಮುಂದಿದ್ದ ಭೂಮಿ ಒಂದೇ ಏಟಿಗೆ ಹೋಯಿತು. ಅದೇ ಯಂತ್ರ ಅರ್ಧ ಕಿಲೋಮೀಟರ್ ಮುಂದೆ ಮಂಗಳನ ಎದುರು ನಿಂತುಬಿಟ್ಟಿತು, ಕೆಲಸದವರು ಕಾಯಿ ಒಡೆದು, ಎತ್ತಿ, ಹತ್ತಿರದ ಗುಡಿಯ ಕಟ್ಟೆಗೆ ಸಾಗಿಸಿದರು. ಗುರುವನ್ನು ಎತ್ತಲಾಗಲಿಲ್ಲ, ಅದಕ್ಕಾಗಿ ರಸ್ತೆಯೇ ಅಲ್ಲಿ ಒಂದಿಷ್ಟು ಬಾಗಿದೆ. ಶನಿಯನ್ನು ಆರುನೂರು ಮೀಟರ್ ಆಚೆ ಲಾರಿ ನಿಲ್ಲುವ ಬೇವಿನ ಮರದ ಬುಡಕ್ಕೆ ಒಯ್ದು, ಮೇಲೆ ತಗಡಿನ ಮಾಡನ್ನೂ ಹಾಕಿದರು. ಎಲ್ಲರೂ ಸುವರ್ಣಮ್ಮನಿಗೆ ಬಂದು ಸಂತೋಷದ ಸುದ್ದಿ ಹೇಳಿದರು.

"ನಂಗ ಅಳು ಬಂತ್ರಿ" ಎನ್ನುತ್ತಾರೆ ಅವರು. "ಆರನೂರು ಮೀಟ್ರು ಅಂದ್ರ ಮ್ಯಾಲ ಒಂಬತ್ತು ಕೋಟಿ ಕಿಲೋಮೀಟ್ರು. ಅಲ್ಲಿ ಶನಿ ಎಲ್ಲೈತ್ರಿ? ದೇವ್ರನ್ನ ಎಲ್ಲಿಟ್ರೂ ದೇವ್ರಽ. ಇದನ್ನ ಜಾಗ ಬಿಟ್ಟು ಇಟ್ರ ಬರೇ ಗುಂಡು."

ಮುಂದಿನದು ಯುರೇನಸ್ಸಿನ ಸರದಿ. ಕೆಲಸದ ಮೇಲ್ವಿಚಾರಕ ಬಸವಕುಮಾರ್ ಒಳ್ಳೆಯ ಮನುಷ್ಯ. ಎರಡು ವಾರ ಮುಂಚೆಯೇ ಹೇಳಿ ಕಳಿಸಿದ, ಆಮೇಲೆ ತಾನೇ ಬಂದ. "ಅಮ್ಮಾರ, ಒಂದೀಟು ಕುಂಕುಮ ಹಚ್ರಿ. ಒಂದು ಹೂವು ಇಡ್ರಿ. ಗುಡಿ ಐತಿ ಅಂತ ಬರ್ಕಂಡು ಎತ್ತಿಸಿ ಎಲ್ಲಾರ ಇಡಸ್ತೀನಿ. ಬರೇ ಕಲ್ಲಿದ್ರ ನನ್ ಕೈಯಾಗ ಏನೂ ಇಲ್ಲ" ಎಂದ.

ಸುವರ್ಣಮ್ಮ ಆ ವಾರವೆಲ್ಲ ನಿದ್ದೆಗೆಟ್ಟರು. ಚಿಟಿಕೆ ಕುಂಕುಮ ಹಚ್ಚಿದರೆ ಒಂಬತ್ತು ವರ್ಷ ತೊಳೆದ ಗುಂಡು ಉಳಿಯುತ್ತದೆ, ಆದರೆ ಎಲ್ಲೋ ಉಳಿಯುತ್ತದೆ. ಹಚ್ಚದಿದ್ದರೆ ಒಡೆಯುತ್ತದೆ. ಕೇಳೋಣವೆಂದರೆ ಮೇಷ್ಟ್ರಿಲ್ಲ. ಶಾಲೆಯಲ್ಲಿ ಹೇಳಿದರೆ ಈಗಿನವರು, ಪರೀಕ್ಷೆಗೆ ಅದೇನೂ ಬರುವುದಿಲ್ಲ, ಬಿಡಿ ಎಂದರು. ಹೋದ ಭಾನುವಾರ ಕುಂಕುಮದ ಪೊಟ್ಟಣ ಸೆರಗಿಗೆ ಕಟ್ಟಿಕೊಂಡೇ ಬಂದಿದ್ದರು. ಬಂದು, ತೊಳೆದು, ಶಾಲೆಯಿಂದ ಇರುವ ದೂರ ಬದಲಾಗದಂತೆ ಕಂಬದಿಂದ ಪಕ್ಕದ ಗದ್ದೆಯ ಬದುವಿನವರೆಗೆ ರಸ್ತೆಗೆ ನೆಟ್ಟಗೆ ಅಡ್ಡಕ್ಕೆ ಅಳೆದು, ಬದುವಿನಲ್ಲಿ ಒಂದು ಗೂಟ ಹೊಡೆದರು. ಪೊಟ್ಟಣ ಬಿಚ್ಚಲಿಲ್ಲ. ಮನೆಗೆ ಹೋಗಿ ಹೊಸ ಗಡಿಗೆ ತಂದು ಸಿಮೆಂಟು ಕಲಸಿದರು. ಬೆಸ್ತವಾರ ಹಳೆಯ ಗುಂಡು ಒಡೆಯಿತು.

ಈಗ ಹತ್ತೊಂಬತ್ತನೇ ಕಿಲೋಮೀಟರ್ ದಾಟಿ ಇಳಿದಾಗ ಬೆಳಕು ಹರಿಯುತ್ತಿದೆ. ಅಗೆದ ಮಣ್ಣು, ಜಲ್ಲಿಯ ರಾಶಿ. ಕಂಬದ ಗುರುತೂ ಇಲ್ಲ. ಸುವರ್ಣಮ್ಮ ಬದುವಿನ ಗೂಟ ಹುಡುಕಿಕೊಂಡು ಹೋಗುತ್ತಾರೆ. ಗೂಟವಿದೆ. ಅದರ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ಗದ್ದೆಯ ಒಡತಿ ಯಲ್ಲಕ್ಕನೂ ಇದ್ದಾಳೆ. ಎಪ್ಪತ್ತರ ಮುದುಕಿ, ನೀರು ತಿರುವಲು ಬಂದವಳು.

"ನನ್ ಬದುವಿನಾಗ ಗೂಟ ಹೊಡದಾಕಿ ನೀನೇನು?"

"ಹೌದ್ರಿ ಯಲ್ಲಕ್ಕ. ಕೇಳಾಕ ಬಂದಿದ್ದೆ, ಅವತ್ತು ನೀವು ಸಿಗಲಿಲ್ಲ." ಸುವರ್ಣಮ್ಮ ಗೋಣಿ ಬಿಚ್ಚುತ್ತಾರೆ. ತಿಳಿಹಸಿರು ನೀಲಿಯ ಗುಂಡು, ಅದರಲ್ಲಿ ಅಕ್ಷದಂತೆ ತೂರಿಸಿದ ಕಬ್ಬಿಣದ ಸಲಾಕೆ. "ಇದನ್ನ ಇಲ್ಲಿ ಇಡಬೇಕಾಗೈತ್ರಿ."

ಯಲ್ಲಕ್ಕ ಸೆರಗು ಹೊದ್ದು, ಬಗ್ಗಿ ನೋಡುತ್ತಾಳೆ. ಧ್ವನಿ ಮೆತ್ತಗಾಗುತ್ತದೆ. "ಯಾವ ದೇವ್ರವ್ವ? ದೇವ್ರಾದ್ರ ಇಡು. ನನ್ನ ಮಕ್ಕಳೂ ಏನೂ ಅನ್ನಂಗಿಲ್ಲ."

ಒಂದೇ ಮಾತು. ಹೂಂ ಎಂದರೆ ಮುಗಿಯಿತು, ಮುದುಕಿ ತಾನೇ ನೀರು ತಂದು ಹಾಕಿಯಾಳು, ದಿನಾ ದೀಪವನ್ನೂ ಇಟ್ಟಾಳು. ಸುವರ್ಣಮ್ಮ ಕೈಯಲ್ಲಿದ್ದ ಗುಂಡನ್ನು ಗೂಟದ ಪಕ್ಕ ಇಳಿಸುತ್ತಾರೆ.

"ದೇವ್ರಲ್ರಿ. ಗ್ರಹ. ಸೂರ್ಯನ ಸುತ್ತ ತಿರುಗ್ತೈತಿ. ಒಂದು ಸುತ್ತು ಬರಾಕ ಎಂಬತ್ನಾಕು ವರ್ಸ ಬೇಕು."

"ಎಂಬತ್ನಾಕು." ಯಲ್ಲಕ್ಕ ತನ್ನ ವಯಸ್ಸನ್ನು ಮನಸ್ಸಿನಲ್ಲೇ ಅದರ ಪಕ್ಕ ಇಟ್ಟು ನೋಡಿಕೊಂಡಂತೆ ಕಾಣುತ್ತದೆ. "ಯಾರಿಗೆ ತೋರ್ಸಾಕ ಇಡ್ತಿ?"

"ಸಾಲಿ ಹುಡುಗ್ರಿಗೆ."

"ಬರ್ತಾವೇನು?"

"ಇಲ್ರಿ. ಮೇಷ್ಟ್ರು ಇದ್ದಾಗ ಶನಿ ತನಕ ಬರ್ತಿದ್ರು. ಈಗ ಮಂಗಳ ಮುಟ್ಟಿ ವಾಪಸ್. ಇಲ್ಲೀ ತನಕ ಒಬ್ರೂ ಬಂದಿಲ್ಲ."

ಸುವರ್ಣಮ್ಮನ ಆಸೆ ದೊಡ್ಡದೇನಲ್ಲ. ಒಂದು ತರಗತಿಯ ಮಕ್ಕಳು, ಒಂದೇ ಸಲ, ಇಲ್ಲಿಗೆ ಬಂದು ಇಳಿಯಬೇಕು. ಈ ಅಳತೆಯಲ್ಲಿ ಬೆಳಕೂ ಬಿರುಸಾಗಿ ನಡೆಯುವವರ ವೇಗದಲ್ಲೇ ಬರುತ್ತದೆ, ಭೂಮಿಗೆ ಎಂಟು ನಿಮಿಷವಾದರೆ ಇಲ್ಲಿಗೆ ಎರಡು ಗಂಟೆ ನಲವತ್ತು ನಿಮಿಷ. ಕಂಪ್ಲಿ ಬಸ್ಸು ಬೆಳಕಿಗಿಂತ ನಾಲ್ಕು ಪಟ್ಟು ಜೋರು ಎಂದು ಅವರೇ ನಗಿಸುತ್ತಾರೆ. ಆದರೆ ಮಕ್ಕಳು ಇಳಿದ ಮೇಲೆ ನಗುವುದು ಬೇಡ. ಐದು ನಿಮಿಷ ಮಾತಿಲ್ಲದೆ ನಿಂತು, ತಿರುಗಿ, ಶಾಲೆಯ ಕಡೆ ನೋಡಬೇಕು. ಎಷ್ಟು ದೂರ ಬಂದೆವು, ನಡುವೆ ಎಷ್ಟು ಖಾಲಿ ಇತ್ತು ಎಂದು ಅವರಿಗೆ ಅನ್ನಿಸಬೇಕು.

ಯಲ್ಲಕ್ಕ ಬದುವಿನ ಉದ್ದಕ್ಕೂ ಕಣ್ಣಾಡಿಸುತ್ತಾಳೆ. "ಇಲ್ಲಿ ನೀರು ತಿರುವಾಕ ಕಾಲಿಗೆ ತೊಡಕಾಗ್ತೈತಿ. ಎರಡು ಹೆಜ್ಜಿ ಆಚಿಗಿ ಇಡು, ಯಾರು ಬ್ಯಾಡಂತಾರ."

"ಎರಡು ಹೆಜ್ಜಿ ಅಂದ್ರ ಎರಡು ಲಕ್ಷ ಕಿಲೋಮೀಟ್ರಿಗೂ ಜಾಸ್ತಿ ಆಕ್ಕೈತ್ರಿ."

ಮುದುಕಿ ಒಂದು ಕ್ಷಣ ಸುವರ್ಣಮ್ಮನ ಮುಖವನ್ನೇ ನೋಡುತ್ತಾಳೆ. ಹುಚ್ಚೋ ಏನೋ ಎಂದು ಅಂದಾಜು ಮಾಡುವ ಹಾಗಿದೆ ಆ ನೋಟ. ಆಮೇಲೆ ಬಾಯಿಯೊಳಗಿನ ಎಲೆ ಉಗುಳಿ, ತನ್ನ ಸಲಿಕೆಯಿಂದ ಗೂಟದ ಪಕ್ಕದ ಮಣ್ಣನ್ನು ತಾನೇ ಕೆತ್ತತೊಡಗುತ್ತಾಳೆ. ಇಬ್ಬರೂ ಸೇರಿ ಮೊಳದಾಳದ ಗುಣಿ ತೋಡಿ, ಬದಿಗೆ ಬಿದ್ದಿದ್ದ ಕಲ್ಲೊಂದನ್ನು ನಿಲ್ಲಿಸಿ, ಅದರ ಮೇಲೆ ಗುಂಡನ್ನು ಕೂರಿಸುತ್ತಾರೆ. ಸಲಾಕೆ ಅಡ್ಡಡ್ಡ ಮಲಗಿದೆ. ನೆಟ್ಟಗೆ ನಿಲ್ಲಿಸು ಎಂದು ಯಲ್ಲಕ್ಕ ಕೈ ಹಾಕುತ್ತಾಳೆ. ಬೇರೆ ಗ್ರಹಗಳು ಬುಗುರಿಯಂತೆ ತಿರುಗಿದರೆ ಇದು ಮಲಗಿಕೊಂಡೇ ಉರುಳುತ್ತದೆ, ಇದರ ಗುಣವೇ ಹಾಗೆ ಎಂದು ಸುವರ್ಣಮ್ಮ ಅವಳ ಕೈ ಹಿಡಿದು ತಡೆಯುತ್ತಾರೆ.

ಬಿಸಿಲು ಗದ್ದೆಗೆ ಇಳಿದಿದೆ. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿದೆ. ಮೊದಲ ಲಾರಿ ಹೋದದ್ದೇ ತಡ, ಹೊಸ ಗುಂಡಿನ ಮೇಲೆ ಕೆಂಪು ಪುಡಿ ಕೂರುತ್ತದೆ. ಸುವರ್ಣಮ್ಮ ಸೆರಗಿನಿಂದ ಒರೆಸುತ್ತಾರೆ. ಯಲ್ಲಕ್ಕ ಸಲಿಕೆ ಹೆಗಲಿಗೇರಿಸಿ ಹೊರಟವಳು ಮತ್ತೆ ತಿರುಗಿ ನಿಲ್ಲುತ್ತಾಳೆ.

"ದೇವ್ರಲ್ಲ ಅಂತಿ. ಹುಡುಗ್ರೂ ಬರಂಗಿಲ್ಲ ಅಂತಿ. ಹಂಗಾರ ಇದಕ್ಕ ಯಾರವ್ವ ದಿಕ್ಕು?"

"ನಾ ಇದೀನಲ್ರಿ ಯಲ್ಲಕ್ಕ" ಎನ್ನುತ್ತಾರೆ ಸುವರ್ಣಮ್ಮ, ಒರೆಸುವುದನ್ನು ನಿಲ್ಲಿಸದೆ. "ಒಂಬತ್ತು ವರ್ಸಾತು, ಒಂದೂ ಐತಾರ ತಪ್ಸಿಲ್ಲ."